ಮೆರಿನೋ ಅಂಗಿಗೆ ನಾಲ್ಕು ಸಾವಿರ ಕೊಡಬಹುದಾ?

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ನಾವು ನಾಲ್ಕು ಜನ ಉತ್ತರಾಖಂಡದ ಕೇದಾರಕಾಂತ ಶಿಖರದ ಚಾರಣಕ್ಕೆ ಹೊರಟಿದ್ದೇವೆ. ಹಿಮದಲ್ಲಿ ನಡೆಯುವುದು ಇದೇ ಮೊದಲು. ಗುಂಪಿನ ಗೆಳತಿಯೊಬ್ಬಳು ಚಳಿಗೆ ಒಳಗೆ ಹಾಕುವ ಥರ್ಮಲ್ ಮೆರಿನೋ ಉಣ್ಣೆಯದ್ದೇ ತಗೋಬೇಕು ಅಂತ ಹಟ ಹಿಡಿದಿದ್ದಾಳೆ. ಅಂಗಿ ಒಂದಕ್ಕೇ ನಾಲ್ಕು ಸಾವಿರ ದಾಟುತ್ತದೆ. ಅಷ್ಟು ದುಡ್ಡಿಗೆ ತಕ್ಕದ್ದಾ ಅದು? ನಾನು ದಿನಾ ಬೆಳಿಗ್ಗೆ ಐದಾರು ಕಿಲೋಮೀಟರ್ ಓಡುತ್ತೇನೆ, ಅದಕ್ಕೂ ಹಾಕಬಹುದಾ? ಇನ್ನೊಂದು ಭಯವಿದೆ. ಅಜ್ಜನ ಕರಿ ಕಂಬಳಿ ಮೈಗೆ ತಾಗಿದರೆ ಸಾಕು, ನನಗೆ ತುರಿಕೆ. ಆ ಕಂಬಳಿಗೆ ಈಗ ಪೆಟ್ಟಿಗೆಯಲ್ಲಿ ನುಸಿಯೂ ಹಿಡಿದಿದೆ. ದುಬಾರಿ ಅಂಗಿಗೂ ಇದೇ ಗತಿಯಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕೇದಾರಕಾಂತಕ್ಕೆ ಒಂದು ಮೆರಿನೋ ಅಂಗಿ, ಎರಡು ಜೊತೆ ಮೆರಿನೋ ಕಾಲುಚೀಲ ತಗೊಳ್ಳಿ. ದುಡ್ಡು ದಂಡವಾಗುವುದಿಲ್ಲ. ದಾವಣಗೆರೆಯ ಬೆಳಗಿನ ಓಟಕ್ಕೆ ಬೇಡ, ಈಗಿರುವ ಡ್ರೈಫಿಟ್ ಟೀ ಶರ್ಟೇ ಸಾಕು. ಕಾಲಿಗೆ ಹಾಕುವ ಥರ್ಮಲ್ ಮಾಮೂಲಿ ಪಾಲಿಯೆಸ್ಟರ್‌ದಾದರೂ ನಡೆಯುತ್ತದೆ. ಯಾಕೆ ಹೀಗೆ ಅಂತ ಹೇಳಬೇಕಾದರೆ ಸ್ವಲ್ಪ ಜಾಸ್ತಿಯೇ ಬರೆಯಬೇಕು. ನಾನು ಬಟ್ಟೆ ಪರೀಕ್ಷಿಸುವ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು, ಎಳೆ ನೂಲು ಅಂದರೆ ಮಾತು ನಿಲ್ಲುವುದಿಲ್ಲ. ತಾಳ್ಮೆಯಿಂದ ಓದಿ.

ತುರಿಕೆಯಿಂದಲೇ ಶುರು ಮಾಡೋಣ. ನಿಮ್ಮ ಅಜ್ಜನ ಕಂಬಳಿ, ಅಂಗಡಿಯ ಮೆರಿನೋ ಅಂಗಿ ಎರಡೂ ಆಗಿರುವುದು ಒಂದೇ ವಸ್ತುವಿನಿಂದ. ಅದು ಕೆರಾಟಿನ್ ಅನ್ನುವ ಪ್ರೋಟೀನ್. ನಮ್ಮ ಕೂದಲು, ಉಗುರು ಕೂಡ ಅದೇ. ವ್ಯತ್ಯಾಸ ಇರುವುದು ಎಳೆಯ ದಪ್ಪದಲ್ಲಿ. ಉಣ್ಣೆಯ ಎಳೆಯನ್ನು ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 50ರಿಂದ 100 ಮೈಕ್ರಾನ್ ಇರುತ್ತದೆ. ನಮ್ಮ ಕಡೆಯ ದಖನಿ ಕುರಿಯ ಉಣ್ಣೆ ಸಾಮಾನ್ಯವಾಗಿ 30 ಮೈಕ್ರಾನ್ ದಾಟುತ್ತದೆ. ಅದರ ಜೊತೆ ಇನ್ನೂ ಒರಟಾದ, ಒಳಗೆ ಟೊಳ್ಳಾದ ಕೂದಲೂ ಬೆರೆತಿರುತ್ತದೆ. ಮೈಗಂಟಿ ಹಾಕುವ ಮೆರಿನೋ ಅಂಗಿಯ ಎಳೆ 17ರಿಂದ 19.5 ಮೈಕ್ರಾನ್ ಆಸುಪಾಸು.

ಇದರಿಂದ ಏನಾಗುತ್ತದೆ? ತೆಂಗಿನ ಕಡ್ಡಿಯ ಕಸಬರಿಗೆಯ ತುದಿಯನ್ನು ಅಂಗೈಗೆ ಒತ್ತಿ ನೋಡಿ. ಚುಚ್ಚುತ್ತದೆ. ಹುಲ್ಲಿನ ಕಸಬರಿಗೆ ಒತ್ತಿ. ಬಾಗಿ ಪಕ್ಕಕ್ಕೆ ಹೋಗುತ್ತದೆ. ಉಣ್ಣೆಯ ಎಳೆಯ ತುದಿಯೂ ಹಾಗೆಯೇ. ಸುಮಾರು 30 ಮೈಕ್ರಾನ್‌ಗಿಂತ ದಪ್ಪ ಇದ್ದರೆ ಅದು ಬಾಗದೆ ಚರ್ಮದ ಕೆಳಗಿನ ನರದ ತುದಿಯನ್ನು ಒತ್ತುತ್ತದೆ. ಅದಕ್ಕಿಂತ ತೆಳ್ಳಗಿದ್ದರೆ ಬಾಗುತ್ತದೆ. ಒಂದು ಬಟ್ಟೆಯಲ್ಲಿ ಇಂಥ ದಪ್ಪ ಎಳೆಗಳು ನೂರಕ್ಕೆ ಐದಕ್ಕಿಂತ ಹೆಚ್ಚಾದರೆ ಬಹಳಷ್ಟು ಜನಕ್ಕೆ ಚುಚ್ಚುವ ಅನುಭವ ಆಗುತ್ತದೆ. 'ನನಗೆ ಉಣ್ಣೆ ಅಲರ್ಜಿ' ಅನ್ನುವವರಲ್ಲಿ ಹೆಚ್ಚಿನವರದ್ದು ಅಲರ್ಜಿಯಲ್ಲ, ಈ ಚುಚ್ಚಾಟ ಅಷ್ಟೇ. ಆದ್ದರಿಂದ ಕಂಬಳಿಯ ಅನುಭವದಿಂದ ಮೆರಿನೋವನ್ನು ಅಳೆಯಬೇಡಿ. ಆದರೂ ಅನುಮಾನ ಇದ್ದರೆ ಅಂಗಡಿಯಲ್ಲಿ ಅಂಗಿಯನ್ನು ಕೈಯಿಂದ ಮುಟ್ಟಿ ನೋಡಬೇಡಿ. ಅಂಗೈ ಚರ್ಮ ದಪ್ಪ, ಅದಕ್ಕೇನೂ ಗೊತ್ತಾಗುವುದಿಲ್ಲ. ಕುತ್ತಿಗೆಗೆ ಇಲ್ಲವೇ ಮೊಣಕೈ ಒಳಭಾಗಕ್ಕೆ ಒಂದು ನಿಮಿಷ ಒತ್ತಿ ಹಿಡಿಯಿರಿ.

ಇಷ್ಟು ಹೇಳಿದ ಮೇಲೆ ಅಜ್ಜನ ಕಂಬಳಿಯ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದನ್ನು ಬರಿಮೈಗೆ ಹಾಕಲಿ ಅಂತ ಯಾರೂ ನೇಯಲಿಲ್ಲ. ಕುರುಬರು ಹುಣಸೆ ಬೀಜದ ಸರಿ ಹಚ್ಚಿ, ಗಟ್ಟಿಯಾಗಿ ನೇಯ್ದ ಆ ಕಂಬಳಿ ಹಾಸಿಗೆಯೂ ಹೌದು, ಹೊದಿಕೆಯೂ ಹೌದು, ಮಳೆಗೆ ಕೊಡೆಯೂ ಹೌದು. ಮಲೆನಾಡಿನಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ಇಡೀ ದಿನ ಗದ್ದೆ ಕೆಲಸ ಮಾಡುತ್ತಿದ್ದವರನ್ನು ನಾನೇ ನೋಡಿದ್ದೇನೆ. ಹೊರಗೆ ನೀರು ಸೋರುತ್ತಿರುತ್ತದೆ, ಒಳಗೆ ಮೈ ಬೆಚ್ಚಗಿರುತ್ತದೆ. ಈಗ ಮೆರಿನೋ ಕಂಪನಿಗಳು 'ಒದ್ದೆಯಾದರೂ ಬೆಚ್ಚಗಿಡುತ್ತದೆ' ಅಂತ ಜಾಹೀರಾತು ಕೊಡುತ್ತವಲ್ಲ, ಆ ಗುಣ ಕುರುಬರಿಗೂ ಗೊತ್ತಿತ್ತು, ಗದ್ದೆಯಲ್ಲಿ ನಿಂತವರಿಗೂ ಗೊತ್ತಿತ್ತು. ಇವತ್ತು ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಅಂತ ದಖನಿ ಉಣ್ಣೆಯನ್ನು ಎಸೆಯುವ ಕುರಿಗಾಹಿಗಳಿದ್ದಾರೆ. ಅದು ಬೇರೆಯೇ ಸಂಕಟ.

ಮೆರಿನೋ ಅನ್ನುವುದು ಒಂದು ಕುರಿ ತಳಿಯ ಹೆಸರು. ಅದು ಬೆಳೆದದ್ದು ಸ್ಪೇನ್‌ನಲ್ಲಿ. ಅಲ್ಲಿನ ರಾಜರು ಈ ಕುರಿಯನ್ನು ಚಿನ್ನದ ಹಾಗೆ ಕಾದರು, 18ನೇ ಶತಮಾನದವರೆಗೂ ಹೊರದೇಶಕ್ಕೆ ಬಿಡಲಿಲ್ಲ. ಆಮೇಲೆ 1765ರಲ್ಲಿ ಜರ್ಮನಿಯ ಸ್ಯಾಕ್ಸನಿಗೆ, 1786ರಲ್ಲಿ ಫ್ರಾನ್ಸಿನ ರಾಂಬುಯೇಗೆ, 1797ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಯಿತು. ಇವತ್ತು ಚಾರಣದ ಬಟ್ಟೆಗೆ ಬರುವ ಉಣ್ಣೆಯಲ್ಲಿ ಬಹುಪಾಲು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆಯದ್ದು. ನಮ್ಮ ಪಕ್ಕದ ನೀಲಗಿರಿಯಲ್ಲೂ ಮೆರಿನೋ ರಕ್ತ ಇರುವ ಕುರಿ ಇದೆ. 19ನೇ ಶತಮಾನದಲ್ಲಿ ಅಲ್ಲಿನ ಕುರಿಗೆ ಟಾಸ್ಮೇನಿಯಾದ ಮೆರಿನೋ ಮತ್ತು ಇಂಗ್ಲಿಷ್ ತಳಿಗಳನ್ನು ಬೆರೆಸಿ ಮಾಡಿದ ತಳಿ ಅದು. ಊಟಿಯ ಚಳಿಗೆ ಹೊಂದಿಕೊಂಡಿತು. ಆದರೆ ಸಂಖ್ಯೆ ತೀರಾ ಕಡಿಮೆ. ನಮ್ಮ ದೇಶದ ಉಣ್ಣೆ ಹೆಚ್ಚಾಗಿ ಕಾರ್ಪೆಟ್ಟಿಗೆ ಹೋಗುವ ಒರಟು ಉಣ್ಣೆ. ನಯವಾದ ಉಣ್ಣೆಯನ್ನು ನಮ್ಮ ಗಿರಣಿಗಳು ಆಮದು ಮಾಡಿಕೊಳ್ಳುತ್ತವೆ. ಬೆಲೆ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೆರಿನೋ ಅಂಗಿ ಹಾಕಿದರೆ ಭಾರೀ ಬೆಚ್ಚಗಾಗುತ್ತದೆ ಅಂತ ಜನ ತಿಳಿದಿದ್ದಾರೆ. ಹಾಗೇನಿಲ್ಲ. ತೆಳ್ಳನೆಯ ಬಟ್ಟೆ ಅದು. ಅಷ್ಟೇ ದಪ್ಪದ ಪಾಲಿಯೆಸ್ಟರ್ ಥರ್ಮಲ್ ಹಾಕಿಕೊಂಡು ಒಣಗಿದ ಮೈಯಲ್ಲಿ ಸುಮ್ನೆ ಕೂತರೆ ನಿಮಗೆ ದೊಡ್ಡ ವ್ಯತ್ಯಾಸ ಗೊತ್ತಾಗಲಾರದು. ಅದರ ಆಟ ಕಾಣುವುದು ಬೆವರು ಬಂದ ಮೇಲೆ.

ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಿಂದ ಹೊರಟು ಏರು ಹತ್ತುತ್ತೀರಿ ಅಂದುಕೊಳ್ಳಿ. ಹೊರಗೆ ಚಳಿ ಇದ್ದರೂ ಹತ್ತೇ ನಿಮಿಷಕ್ಕೆ ಬೆನ್ನು ಬೆವರುತ್ತದೆ. ಅರ್ಧ ಗಂಟೆ ನಡೆದು ಬಯಲಿಗೆ ಬರುತ್ತೀರಿ, ಎಲ್ಲರೂ ಬ್ಯಾಗ್ ಇಳಿಸುತ್ತಾರೆ. ಗಾಳಿ ಬೀಸುತ್ತದೆ. ಅಲ್ಲಿ ಶುರುವಾಗುತ್ತದೆ ನಡುಕ. ಮೊದಲ ಸಲ ಹಿಮಾಲಯಕ್ಕೆ ಹೋದವರೆಲ್ಲ ಇದನ್ನು ಕಂಡಿರುತ್ತಾರೆ. ನಡೆಯುವಾಗ ಸೆಕೆ, ನಿಂತರೆ ನಡುಕ. ಚಳಿಗಾಲದ ಚಾರಣದಲ್ಲಿ ಮೈ ಕೆಡಿಸುವುದು ಬರೀ ಚಳಿಯಲ್ಲ, ಚಳಿಯಲ್ಲಿ ಬೆವರಿ ನಿಲ್ಲುವುದು.

ಕಾಟನ್ ಬನಿಯನ್ ಹಾಕಿದ್ದರೆ ಅದು ಬೆವರನ್ನು ಕುಡಿದು ಒದ್ದೆ ಬಟ್ಟೆಯಾಗಿ ಬೆನ್ನಿಗೆ ಅಂಟಿರುತ್ತದೆ. ಅದನ್ನು ಹಿಮದಲ್ಲಿ ಖಂಡಿತ ಹಾಕಬೇಡಿ. ಪಾಲಿಯೆಸ್ಟರ್ ಬೇರೆ ತರಹ. ಅದರ ಎಳೆ ನೀರನ್ನು ಒಳಗೆ ಸೇರಿಸುವುದೇ ಇಲ್ಲ. ಬೆವರು ಎಳೆಗಳ ನಡುವಿನ ಸಂದಿಯಲ್ಲಿ ಹರಡಿ, ಬೇಗ ಆರಿಹೋಗುತ್ತದೆ. ಬೇಗ ಆರುವುದು ಒಳ್ಳೆಯದೇ ಅಲ್ವಾ ಅಂತೀರಿ. ಓಡುತ್ತಿರುವಾಗ ಒಳ್ಳೆಯದು. ಆದರೆ ನೀರು ಆರಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖವನ್ನು ಅದು ನಿಮ್ಮ ಮೈಯಿಂದಲೇ ಎಳೆದುಕೊಳ್ಳುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಇದೇ ಕಾರಣಕ್ಕೆ. ಗಾಳಿಯಲ್ಲಿ ಸುಮ್ಮನೆ ನಿಂತಾಗ ನಿಮ್ಮ ಬೆನ್ನೇ ಆ ಮಡಕೆಯಾಗುತ್ತದೆ.

ಉಣ್ಣೆಯ ಎಳೆ ವಿಚಿತ್ರ. ಮೇಲ್ಮೈ ಮೀನಿನ ಹುರುಪೆಯಂಥ ಪದರಗಳಿಂದ ಆಗಿರುತ್ತದೆ, ಅದು ನೀರಿನ ಹನಿಯನ್ನು ತಳ್ಳುತ್ತದೆ. ಒಳಭಾಗ ಮಾತ್ರ ನೀರಿನ ಆವಿಯನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಬೆವರು ಹನಿಗಟ್ಟುವ ಮೊದಲೇ, ಆವಿಯಾಗಿದ್ದಾಗಲೇ, ಒಂದಷ್ಟನ್ನು ಎಳೆ ಒಳಗೆ ಎಳೆದುಕೊಂಡಿರುತ್ತದೆ. ಲ್ಯಾಬಿನಲ್ಲಿ ಗಾಳಿಯ ತೇವವನ್ನು 65 ಶೇಕಡಾದಲ್ಲಿ ಇಟ್ಟು ಬಟ್ಟೆ ತೂಗುತ್ತೇವೆ. ಆಗ ಉಣ್ಣೆ ತನ್ನ ಒಣ ತೂಕದ ಸುಮಾರು 16 ಶೇಕಡಾ ನೀರು ಹಿಡಿದಿರುತ್ತದೆ. ಹತ್ತಿ 8 ಶೇಕಡಾ ಚಿಲ್ಲರೆ. ಪಾಲಿಯೆಸ್ಟರ್ ಅರ್ಧ ಶೇಕಡಾವೂ ಇಲ್ಲ. ತೇವ ಇನ್ನೂ ಏರಿದರೆ ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರನ್ನು ಒಳಗೆ ಇಟ್ಟುಕೊಳ್ಳಬಲ್ಲದು. ಅಂದರೆ 200 ಗ್ರಾಂ ತೂಕದ ಅಂಗಿಯೊಳಗೆ 60 ಗ್ರಾಂ ನೀರಿದ್ದರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಆವಿಯನ್ನು ಹೀರುವಾಗ ಎಳೆ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಇದನ್ನು ಕೆಲವರು ದೊಡ್ಡ ಪವಾಡದ ಹಾಗೆ ಹೇಳುತ್ತಾರೆ. ಅಷ್ಟೇನೂ ಇಲ್ಲ, ಸ್ವಲ್ಪ ಹೊತ್ತು ಮಾತ್ರ. ಆದರೆ ಒಣಗಿದ ಟೆಂಟಿನಿಂದ ಮಂಜಿಗೆ ಕಾಲಿಟ್ಟ ಆ ಕೆಲವು ನಿಮಿಷಕ್ಕೆ ಅದೂ ಬೇಕು.

ಆಮೇಲೆ ಹೀರಿದ ನೀರನ್ನು ಉಣ್ಣೆ ನಿಧಾನವಾಗಿ ಹೊರಗೆ ಬಿಡುತ್ತದೆ. ಅವಸರವೇ ಇಲ್ಲ ಅದಕ್ಕೆ. ನಿಧಾನ ಆರುವುದರಿಂದ ಮೈಯ ಶಾಖವನ್ನೂ ನಿಧಾನವಾಗಿಯೇ ತಗೊಳ್ಳುತ್ತದೆ. ನಿಂತಾಗ ಬರುವ ಆ ನಡುಕ ಕಡಿಮೆಯಾಗುವುದು ಹೀಗೆ. ಇನ್ನೊಂದು ಸಂಗತಿ ಅದರ ಸುರುಳಿ. ಎಳೆಯ ಒಳಗೆ ಎರಡು ಬಗೆಯ ಜೀವಕೋಶಗಳು ಒಂದನ್ನೊಂದು ಸುತ್ತಿಕೊಂಡಿರುವುದರಿಂದ ಎಳೆ ಗುಂಗುರು ಗುಂಗುರಾಗಿ ಬೆಳೆಯುತ್ತದೆ. ಗುಂಗುರು ಎಳೆಗಳು ಒತ್ತೊತ್ತಾಗಿ ಮಲಗುವುದಿಲ್ಲ, ನಡುವೆ ಗಾಳಿ ಉಳಿಯುತ್ತದೆ. ಬೆಚ್ಚಗಿಡುವುದು ಆ ಗಾಳಿ. ಸ್ವಲ್ಪ ಒದ್ದೆಯಾದರೂ ಬಟ್ಟೆ ಪೂರ್ತಿ ಚಪ್ಪಟೆಯಾಗಿ ಮೈಗೆ ಮೆತ್ತಿಕೊಳ್ಳುವುದಿಲ್ಲ.

ಹಿಂದಿನ ಆರೋಹಿಗಳಿಗೆ ಬೇರೆ ದಾರಿಯೇ ಇರಲಿಲ್ಲ. 1924ರಲ್ಲಿ ಎವರೆಸ್ಟ್‌ನಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಾಗ ಮೈಮೇಲೆ ರೇಷ್ಮೆ, ಹತ್ತಿ, ಉಣ್ಣೆಯ ಪದರ ಪದರ ಬಟ್ಟೆಗಳ ಚೂರುಗಳಿದ್ದವು. ಸೈಕಲ್ ಓಟದಲ್ಲೂ ಬಹಳ ಕಾಲ ಉಣ್ಣೆ ಜೆರ್ಸಿಯೇ. 1940ರ ದಶಕದ ಕೊನೆಯಲ್ಲಿ ಟೂರ್ ಡಿ ಫ್ರಾನ್ಸ್‌ನ ಮುಂದಿರುವ ಸವಾರ ತೊಡುವ ಹಳದಿ ಜೆರ್ಸಿಗೆ ಕೃತಕ ನೂಲು ಬೆರೆಸಿದರು. ಲೂಯಿಸನ್ ಬೋಬೆ ಅನ್ನುವ ಫ್ರೆಂಚ್ ಸವಾರ ಅದನ್ನು ಹಾಕಲು ಒಪ್ಪಲೇ ಇಲ್ಲ. ಬೆವರಿಗೂ ಧೂಳಿಗೂ ಶುದ್ಧ ಉಣ್ಣೆಯೇ ಬೇಕು ಅಂತ ಹಟ ಹಿಡಿದ. ಬೇಸಿಗೆಯ ಬಿಸಿಲಿನಲ್ಲಿ! ನಿಮ್ಮ ಗೆಳತಿಯ ಹಟಕ್ಕೂ ಒಂದು ಪರಂಪರೆ ಇದೆ ನೋಡಿ. ಆಮೇಲೆ ಅಗ್ಗದ ನೈಲಾನ್, ಪಾಲಿಯೆಸ್ಟರ್ ಬಂದು ಉಣ್ಣೆಯನ್ನು ಆಟದ ಬಯಲಿನಿಂದ ಓಡಿಸಿಬಿಟ್ಟವು. ಅದು ತಿರುಗಿ ಬಂದದ್ದು 1990ರ ದಶಕದಲ್ಲಿ. ಅಮೆರಿಕದ ಸ್ಮಾರ್ಟ್‌ವುಲ್ 1994ರಲ್ಲಿ, ನ್ಯೂಜಿಲೆಂಡಿನ ಐಸ್‌ಬ್ರೇಕರ್ 1995ರಲ್ಲಿ ಶುರುವಾದವು. ತೆಳ್ಳನೆಯ ಎಳೆಯಿಂದ ಮೈಗೊಪ್ಪುವ ಬಟ್ಟೆ ಹೆಣೆದು ಮಾರಿದ್ದೇ ಅವರ ಜಾಣತನ.

ವಾಸನೆಯ ಮಾತಿಗೆ ಬರೋಣ. ನನ್ನ ಮಟ್ಟಿಗೆ ಮೆರಿನೋಗೆ ದುಡ್ಡು ಕೊಡಬೇಕಾದದ್ದು ಇದಕ್ಕೇ. ನಾಲ್ಕೈದು ದಿನ ಸ್ನಾನವಿಲ್ಲ, ಒಗೆಯುವುದಂತೂ ದೂರದ ಮಾತು. ಒಂದೇ ಟೆಂಟಿನಲ್ಲಿ ಮೂರು ಜನ. ಪಾಲಿಯೆಸ್ಟರ್ ಅಂಗಿ ಎರಡನೇ ದಿನಕ್ಕೇ ತನ್ನ ಗುಣ ತೋರಿಸುತ್ತದೆ. ಯಾಕೆಂದರೆ ಮೈಯ ಎಣ್ಣೆ ಅದಕ್ಕೆ ಚೆನ್ನಾಗಿ ಅಂಟುತ್ತದೆ, ಬ್ಯಾಕ್ಟೀರಿಯಾ ಆ ಎಣ್ಣೆಯನ್ನು ತಿಂದು ವಾಸನೆ ಎಬ್ಬಿಸುತ್ತವೆ. ಮೆರಿನೋ ಅಂಗಿಯನ್ನು ನಾನು ಐದು ದಿನ ಬಿಚ್ಚದೆ ಹಾಕಿದ್ದೇನೆ. ಜೊತೆಗಿದ್ದವರು ದೂರ ಹೋಗಿ ಕೂರಲಿಲ್ಲ. ಇದಕ್ಕೆ ಕಾರಣ ಉಣ್ಣೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಜನರ ಕಂಕುಳ ಬೆವರು ತಾಗಿದ ಉಣ್ಣೆ, ಹತ್ತಿ, ಪಾಲಿಯೆಸ್ಟರ್ ಬಟ್ಟೆಗಳನ್ನು ಹೋಲಿಸಿದ್ದಾರೆ. ಉಣ್ಣೆಯಲ್ಲೂ ಬ್ಯಾಕ್ಟೀರಿಯಾ ಬದುಕಿಯೇ ಇದ್ದವು. ಆದರೆ ವಾಸನೆ ಎಲ್ಲಕ್ಕಿಂತ ಕಡಿಮೆ, ಪಾಲಿಯೆಸ್ಟರ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ. ವಾಸನೆಯ ಕಣಗಳನ್ನು ಉಣ್ಣೆ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ, ಒಗೆದಾಗ ಬಿಡುತ್ತದೆ. ರಾತ್ರಿ ಬಿಚ್ಚಿ ಟೆಂಟಿನ ಹಗ್ಗಕ್ಕೆ ನೇತು ಹಾಕಿದರೂ ಬೆಳಿಗ್ಗೆಗೆ ಒಂದಷ್ಟು ಹಗುರಾಗಿರುತ್ತದೆ.

ಇದರ ಲಾಭ ಬ್ಯಾಗಿನ ತೂಕದಲ್ಲಿ ಕಾಣುತ್ತದೆ. ಮೂರು ಪಾಲಿಯೆಸ್ಟರ್ ಅಂಗಿ ಹೊರುವ ಜಾಗದಲ್ಲಿ ಒಂದು ಮೆರಿನೋ ಸಾಕು. ಹಾಗೆ ಲೆಕ್ಕ ಹಾಕಿದರೆ ನಾಲ್ಕು ಸಾವಿರ ಅಷ್ಟೊಂದು ಕಣ್ಣಿಗೆ ಚುಚ್ಚುವುದಿಲ್ಲ.

ಬೆಂಕಿಯ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಕರಗಿ ಚರ್ಮಕ್ಕೆ ಅಂಟುವುದಿಲ್ಲ. ಅಡುಗೆ ಟೆಂಟಿನ ಸ್ಟವ್ ಪಕ್ಕ ಕೂರುವವರಿಗೆ ಇದು ಗೊತ್ತಿರಲಿ.

ಇನ್ನು ಓಟ. ಮೇಲೆ ಹೇಳಿದ ಲೆಕ್ಕವನ್ನೇ ಇಲ್ಲಿಗೆ ತನ್ನಿ. ಅಂಗಿ ಒಳಗೆ ಇಟ್ಟುಕೊಳ್ಳುವುದು ಹೆಚ್ಚೆಂದರೆ 60-70 ಗ್ರಾಂ ನೀರು. ನಮ್ಮ ಸೆಕೆಯಲ್ಲಿ ಜೋರಾಗಿ ಓಡುವವರ ಬೆವರು ಗಂಟೆಗೆ ಒಂದು ಲೀಟರ್ ಸುಲಭವಾಗಿ ಮುಟ್ಟುತ್ತದೆ. ಕೊಡದ ಮುಂದೆ ಚಮಚ ಹಿಡಿದ ಹಾಗಾಯಿತು. ಮೊದಲ ಹತ್ತು ನಿಮಿಷಕ್ಕೇ ಎಳೆ ತುಂಬಿ, ಉಳಿದ ಬೆವರು ಸಂದಿಗಳಲ್ಲಿ ನಿಂತು, ಅಂಗಿ ಭಾರವಾಗಿ ಜೋತುಬೀಳುತ್ತದೆ. ನಿಧಾನ ಆರುವ ಗುಣ ಹಿಮದಲ್ಲಿ ವರ, ಇಲ್ಲಿ ತಲೆನೋವು. ನೀವು ಓಡುವುದು ಮುಕ್ಕಾಲು ಗಂಟೆ ಇರಬಹುದು. ಮುಗಿದ ಕೂಡಲೇ ಮನೆಗೆ ಬಂದು ಸ್ನಾನ ಮಾಡುತ್ತೀರಿ, ಅಂಗಿ ಬಕೆಟ್ಟಿಗೆ ಬೀಳುತ್ತದೆ. ಇದರಲ್ಲಿ ಮೆರಿನೋ ಮಾಡುವ ಕೆಲಸವೇ ಇಲ್ಲ. ಉತ್ತರ ಭಾರತದ ಚಳಿಗಾಲದಲ್ಲೋ, ಹೊರದೇಶದಲ್ಲಿ ಸೊನ್ನೆ ಡಿಗ್ರಿ ಹತ್ತಿರವೋ ಓಡುವವರಾಗಿದ್ದರೆ ನನ್ನ ಮಾತು ಬೇರೆ ಇರುತ್ತಿತ್ತು. ಟೊರಾಂಟೊದಲ್ಲೋ ಮ್ಯೂನಿಕ್‌ನಲ್ಲೋ ಇರುವ ನಮ್ಮವರು ಓಟಕ್ಕೂ ಧಾರಾಳವಾಗಿ ಹಾಕಬಹುದು.

ಮಳೆಗಾಲದ ನಮ್ಮ ಘಟ್ಟಕ್ಕೂ ನಾನು ಇದನ್ನು ಹೇಳುವುದಿಲ್ಲ. ಒಂದು ಸಲ ಜೂನ್ ಕೊನೆಯಲ್ಲಿ ಕೊಡಗಿನ ಕಾಡಿನಲ್ಲಿ ಮೆರಿನೋ ಹಾಕಿಕೊಂಡು ಎರಡು ದಿನ ನಡೆದೆ. ಬೆಚ್ಚಗಿತ್ತು ನಿಜ. ಆದರೆ ಗಾಳಿಯಲ್ಲೇ ನೀರು ತುಂಬಿರುವಾಗ ಅಂಗಿ ಯಾವ ಕಡೆ ಆರಬೇಕು? ಮೂರನೇ ದಿನ ಮನೆಗೆ ಬಂದಾಗಲೂ ಅದು ಒದ್ದೆಯೇ. ಒದ್ದೆ ಕುರಿಯ ವಾಸನೆ ಬೇರೆ. ವಾಸನೆ ಬರುವುದಿಲ್ಲ ಅಂತ ಮೇಲೆ ಬರೆದೆನಲ್ಲ, ಇದೊಂದನ್ನು ಬಿಟ್ಟು ಅಂತ ಸೇರಿಸಿಕೊಳ್ಳಿ.

ಕಾಲುಚೀಲದ ಬಗ್ಗೆ ಮಾತ್ರ ನನಗೆ ಯಾವ ತಕರಾರೂ ಇಲ್ಲ. ಅಂಗಿಗೆ ದುಡ್ಡಿಲ್ಲದಿದ್ದರೆ ಬಿಡಿ, ಕಾಲುಚೀಲ ಬಿಡಬೇಡಿ. ಬೊಬ್ಬೆ ಏಳುವುದು ಒದ್ದೆ ಚರ್ಮ ತಿಕ್ಕಿದಾಗ. ಬೂಟಿನೊಳಗೆ ಗಾಳಿ ಆಡುವುದಿಲ್ಲ, ಬೆವರಿಗೆ ಹೋಗಲು ಜಾಗವಿಲ್ಲ. ಆವಿಯನ್ನು ಹೀರಿಟ್ಟುಕೊಳ್ಳುವ ಎಳೆಗೆ ಇದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ. ಇಲ್ಲಿ ನೂರಕ್ಕೆ ನೂರು ಉಣ್ಣೆ ಹುಡುಕಬೇಡಿ, ಹಿಮ್ಮಡಿ ಹತ್ತಿರ ಬೇಗ ತೂತು ಬೀಳುತ್ತದೆ. 60-70 ಶೇಕಡಾ ಮೆರಿನೋ, ಉಳಿದದ್ದು ನೈಲಾನ್, ಚೂರು ಎಲಾಸ್ಟೇನ್ ಅನ್ನುವ ಹಿಗ್ಗುವ ನೂಲು ಇರುವುದು ಬಾಳಿಕೆ ಬರುತ್ತದೆ. ಒಂದು ಜೊತೆ ನಡೆಯಲು. ಇನ್ನೊಂದು ಜೊತೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟು ರಾತ್ರಿ ಮಲಗುವಾಗ ಮಾತ್ರ ತೆಗೆಯಿರಿ. ಎಷ್ಟೇ ಆಸೆಯಾದರೂ ಅದನ್ನು ಹಗಲು ಹಾಕಬೇಡಿ.

ಕೊಳ್ಳುವಾಗ ಲೇಬಲ್ ಓದಿ. ಜಿಎಸ್ಎಂ ಅಂತ ಒಂದು ಸಂಖ್ಯೆ ಇರುತ್ತದೆ. ಒಂದು ಚದರ ಮೀಟರ್ ಬಟ್ಟೆಯ ತೂಕ ಅದು. 150 ಅಂದರೆ ತೆಳು. 250 ಅಂದರೆ ದಪ್ಪ, ಹೆಚ್ಚಾಗಿ ಕೂರುವವರಿಗೂ ಮಲಗುವಾಗ ಹಾಕುವುದಕ್ಕೂ ಸರಿ. ನೀವು ನಡೆಯುವವರು, 200 ಹತ್ತಿರದ್ದು ನೋಡಿ. ಅದರ ಮೇಲೆ ಫ್ಲೀಸ್ ಅನ್ನುವ ಮೆತ್ತನೆಯ ಬೆಚ್ಚನೆ ಮೇಲಂಗಿ, ಅದರ ಮೇಲೆ ಜಾಕೆಟ್ ಇದ್ದೇ ಇರುತ್ತದೆ. ಅಂಗಿ ಮೈಗೆ ತಾಗಿಕೊಂಡಿರಬೇಕು. ದೊಡ್ಡ ಸೈಜ್ ತಗೊಂಡು ಜೋಲು ಬಿಟ್ಟರೆ ಬೆವರು ಎಳೆಯುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಚೀಲದ ಪಟ್ಟಿ ಉಜ್ಜುವ ಹೆಗಲಲ್ಲಿ ಹೊಲಿಗೆ ಇಲ್ಲದ ಅಂಗಿ ಸಿಕ್ಕರೆ ಒಳ್ಳೆಯದು. ತೆಳ್ಳನೆಯ ಮೆರಿನೋ ತೂತು ಬೀಳುವುದು ಹೆಗಲಲ್ಲಿ, ಸೊಂಟದ ಪಟ್ಟಿಯ ಕೆಳಗೆ. ಸ್ವಲ್ಪ ನೈಲಾನ್ ಬೆರೆತದ್ದಾದರೆ ಒಂದೆರಡು ವರ್ಷ ಜಾಸ್ತಿ ಬರಬಹುದು.

'ಮೆರಿನೋ' ಅಂತ ದೊಡ್ಡ ಅಕ್ಷರದಲ್ಲಿ ಬರೆದು, ಒಳಗಿನ ಪಟ್ಟಿಯಲ್ಲಿ 10 ಶೇಕಡಾ ಅಂತ ಸಣ್ಣಗೆ ಹಾಕಿರುವುದೂ ಉಂಟು. ನಮ್ಮಲ್ಲಿ 'ಉಲ್ಲನ್' ಅನ್ನುವ ಮಾತೇ ಕೆಟ್ಟುಹೋಗಿದೆ. ಚಳಿಗಾಲದಲ್ಲಿ ರಸ್ತೆ ಬದಿ ಮಾರುವ ಬಣ್ಣ ಬಣ್ಣದ ಉಲ್ಲನ್ ಸ್ವೆಟರ್‌ಗಳಲ್ಲಿ ಬಹುಪಾಲು ಅಕ್ರಿಲಿಕ್. ಅದರಲ್ಲಿ ಕುರಿಯ ಪಾತ್ರವೇ ಇಲ್ಲ. ನಾನೇ ಒಮ್ಮೆ ಮೋಸ ಹೋದೆ. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಬಂತು ಅಂತ ಹಿಗ್ಗಿ ತರಿಸಿದ್ದು, ಒಂದು ಎಳೆ ಕಿತ್ತು ಸುಟ್ಟು ನೋಡಿದರೆ ಕರಗಿ ಮಣಿಯಾಯಿತು. ಪರೀಕ್ಷೆ ಸುಲಭ. ಒಳ ಹೊಲಿಗೆಯಿಂದ ಒಂದೆರಡು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ಆರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬಿಸಿ ಮಣಿಯನ್ನು ಮುಟ್ಟಬೇಡಿ. ಹೊಲಿಗೆ ದಾರ ಬೇರೆ ಇರಬಹುದು, ಬಟ್ಟೆಯ ಎಳೆಯನ್ನೇ ತೆಗೆಯಿರಿ.

ಕುರಿಗೆ ಹಿಂಸೆ ಆಗುತ್ತದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೆರಿನೋ ಕುರಿಯ ಚರ್ಮ ಮಡಿಕೆ ಮಡಿಕೆ. ಬಾಲದ ಸುತ್ತ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆ. ಅದನ್ನು ತಡೆಯಲು ಅಲ್ಲಿನ ಚರ್ಮವನ್ನೇ ಕತ್ತರಿಸಿ ತೆಗೆಯುವ ಪದ್ಧತಿ ಆಸ್ಟ್ರೇಲಿಯಾದಲ್ಲಿದೆ. ಮ್ಯೂಲ್ಸಿಂಗ್ ಅಂತಾರೆ. ನ್ಯೂಜಿಲೆಂಡ್ 2018ರಲ್ಲಿ ಅದನ್ನು ನಿಷೇಧಿಸಿತು. ಒಳ್ಳೆಯ ಕಂಪನಿಗಳು 'ಮ್ಯೂಲ್ಸಿಂಗ್ ಇಲ್ಲದ ಉಣ್ಣೆ' ಅಂತ ಲೇಬಲ್‌ನಲ್ಲಿ ಬರೆಯುತ್ತವೆ. ನಾನು ಅದನ್ನು ನೋಡಿಯೇ ಕೊಳ್ಳುತ್ತೇನೆ. ಉಣ್ಣೆ ಕತ್ತರಿಸುವುದು ಮಾತ್ರ ಹಿಂಸೆಯಲ್ಲ, ಮೆರಿನೋಗೆ ಅದು ಬೇಕೇ ಬೇಕು. ನ್ಯೂಜಿಲೆಂಡಿನಲ್ಲಿ ಶ್ರೆಕ್ ಅನ್ನುವ ಟಗರೊಂದು ಆರು ವರ್ಷ ಗುಹೆಗಳಲ್ಲಿ ತಪ್ಪಿಸಿಕೊಂಡು ತಿರುಗಿ, 2004ರಲ್ಲಿ ಸಿಕ್ಕಿಬಿತ್ತು. ಅದರ ಮೈಮೇಲಿದ್ದ ಉಣ್ಣೆ 27 ಕಿಲೋ.

ಒಗೆಯುವುದು ಕಷ್ಟವೇನಲ್ಲ, ಆದರೆ ತಪ್ಪಿದರೆ ಅಂಗಿ ಹೋಯಿತು. ನನ್ನ ಮೊದಲ ಮೆರಿನೋ ಅಂಗಿಯನ್ನು ಮಿಕ್ಕ ಬಟ್ಟೆಗಳ ಜೊತೆ ಬಿಸಿನೀರಿಗೆ ಹಾಕಿ ಮೆಷಿನ್ ತಿರುಗಿಸಿದ್ದೆ. ಹೊರಬಂದದ್ದು ಅಕ್ಕನ ಮಗನಿಗೆ ಸರಿಯಾಗುವಂಥದ್ದು, ಅವನಿಗಾಗ ಎಂಟು ವರ್ಷ. ಎಳೆಯ ಮೇಲಿನ ಹುರುಪೆಗಳು ಶಾಖಕ್ಕೂ ಉಜ್ಜಾಟಕ್ಕೂ ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಒಮ್ಮೆ ಬಿಗಿದರೆ ಬಿಡಿಸಲಾಗದು. ಈಗಿನ ಅಂಗಿಗಳಲ್ಲಿ ಹೆಚ್ಚಿನವನ್ನು ಹುರುಪೆ ಸವೆಸಿ, ತೆಳುವಾದ ಲೇಪ ಕೊಟ್ಟು ಮೆಷಿನ್‌ಗೆ ಒಗ್ಗುವ ಹಾಗೆ ಮಾಡಿರುತ್ತಾರೆ. ಆದರೂ ನೀರು ತಣ್ಣಗಿರಲಿ, 30 ಡಿಗ್ರಿ ದಾಟದಿರಲಿ. ಕಲೆ ತೆಗೆಯುವ ಎಂಜೈಮ್ ಇರುವ ಪುಡಿ ಬೇಡವೇ ಬೇಡ. ಅದು ಪ್ರೋಟೀನ್ ಕಲೆಯನ್ನು ತಿನ್ನಲು ಮಾಡಿದ್ದು, ನಿಮ್ಮ ಅಂಗಿಯೇ ಪ್ರೋಟೀನ್. ಬ್ಲೀಚ್ ತಾಗಿದರೆ ಉಣ್ಣೆ ಕರಗಿಯೇ ಹೋಗುತ್ತದೆ. ರೇಷ್ಮೆ ಸೀರೆಗೆ ಹಾಕುವ ಮೆತ್ತನೆಯ ದ್ರವ ಸೋಪು ಸರಿ. ಅಂಟುವಾಳದ ನೊರೆ ಇನ್ನೂ ಸರಿ, ನಾನು ಮನೆಯಲ್ಲಿ ಅದನ್ನೇ ಬಳಸುತ್ತೇನೆ. ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹರವಿ ಒಣಗಿಸಿ. ತಂತಿಗೆ ನೇತು ಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ.

ಕೊನೆಯದು ನುಸಿ. ಹೌದು, ದುಬಾರಿ ಅಂಗಿಗೂ ಹಿಡಿಯುತ್ತದೆ. ನುಸಿಗೆ ಬೆಲೆ ಓದಲು ಬರುವುದಿಲ್ಲ. ತೂತು ಮಾಡುವುದು ಹಾರುವ ಚಿಟ್ಟೆಯಲ್ಲ, ಅದರ ಮರಿಹುಳ. ಕೆರಾಟಿನ್ ಜೀರ್ಣಿಸಿಕೊಳ್ಳುವ ಅಪರೂಪದ ಹೊಟ್ಟೆ ಅದಕ್ಕಿದೆ. ಬೆವರು, ಎಣ್ಣೆ, ಅನ್ನದ ಕಲೆ ಅಂಟಿದ ಉಣ್ಣೆ ಅಂದರೆ ಇನ್ನೂ ಇಷ್ಟ. ಆದ್ದರಿಂದ ಚಾರಣದಿಂದ ಬಂದ ಅಂಗಿಯನ್ನು ಹಾಗೇ ಮಡಚಿ ಬೀರುವಿಗೆ ತುರುಕಬೇಡಿ. ಒಗೆದು, ಪೂರ್ತಿ ಒಣಗಿಸಿ, ಜಿಪ್ ಕವರಿಗೆ ಹಾಕಿ ಗಾಳಿ ತೆಗೆದು ಮುಚ್ಚಿ. ಬೇವಿನ ಎಲೆ, ನುಸಿಗುಳಿಗೆ ಎರಡನ್ನೂ ಜನ ಇಡುತ್ತಾರೆ. ಗುಳಿಗೆಯ ವಾಸನೆ ಉಣ್ಣೆಯಿಂದ ತಿಂಗಳುಗಟ್ಟಲೆ ಹೋಗುವುದಿಲ್ಲ, ನನಗೆ ಬೇಡ. ಒಂದು ವೇಳೆ ಹುಳ ಕಂಡರೆ ಅದೇ ಕವರನ್ನು ಒಂದು ವಾರ ಫ್ರಿಜ್‌ನ ಫ್ರೀಜರ್‌ನಲ್ಲಿಡಿ, ಸಾಯುತ್ತವೆ.

ಅಜ್ಜನ ಕಂಬಳಿ ಫ್ರೀಜರ್‌ನಲ್ಲಿ ಹಿಡಿಯುವುದಿಲ್ಲ. ಅದನ್ನು ಹೊರಗೆ ತಂದು ಚೆನ್ನಾಗಿ ಕೊಡವಿ, ಮಡಿಕೆಗಳನ್ನೆಲ್ಲ ಗಟ್ಟಿ ಬ್ರಷ್‌ನಿಂದ ಉಜ್ಜಿ, ಎರಡು ಮೂರು ದಿನ ಮಹಡಿಯ ಬಿಸಿಲಿಗೆ ಹಾಕಿ, ಆಗಾಗ ಮಗುಚಿ. ಪೆಟ್ಟಿಗೆಯ ಮೂಲೆಗಳನ್ನೂ ಒರೆಸಿ, ಬಿಸಿಲಿಗೆ ಬಾಯಿ ತೆರೆದಿಡಿ. ಆಮೇಲೆ ಕಂಬಳಿಯನ್ನು ಮತ್ತೆ ಪೆಟ್ಟಿಗೆಯ ತಳಕ್ಕೆ ಹಾಕಬೇಡಿ, ಮನೆಯಲ್ಲಿ ಯಾರಾದರೂ ಬಳಸಲಿ. ದಿನಾ ಕೊಡವಿ ಮಡಚುವ ಕಂಬಳಿಗೆ ನುಸಿ ಹಿಡಿದದ್ದನ್ನು ನಾನಿನ್ನೂ ಕಂಡಿಲ್ಲ.